ಮುದ್ರಕರ ಹೆಸರಿಲ್ಲದ ನೋಟೀಸು

ಕಾಸರಗೋಡಿನಲ್ಲಿ ಪಂಚಾಯತ್ ಚುನಾವಣೆ ಮುಗಿದು, ಪಕ್ಷಗಳು ಹಿಡಿದಿಟ್ಟುಕೊಂಡಿದ್ದ ಗೋಡೆಗಳಿಗೆ ಮತ್ತೆ ಸುಣ್ಣ ಬಿದ್ದಿದೆಯಾದರೂ ನಮ್ಮ ಈ ಅಂಕಣಕ್ಕೆ ಬರುತ್ತಿರುವ ಕಾಗದಗಳಲ್ಲಿ ಚುನಾವಣೆಯ ಕಾವು ಇಳಿದಿಲ್ಲ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ, ಪಿಂಚಣಿಯ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಸಲ ರಾಜಕೀಯದ ಜಗಳ, ಅಪಪ್ರಚಾರ ಮತ್ತು ಸರ್ಕಾರದ ಧೋರಣೆಗಳ ಕುರಿತ ವಾದ-ವಿವಾದಗಳಿಗೆ ಸಂಬಂಧಿಸಿದವುಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಹೆಸರು ಬೇಡವೆಂದಿರುವುದರಿಂದ ಊರನ್ನು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ವಾರ್ಡಿನಲ್ಲಿ ಸ್ಪರ್ಧಿಸಿದ್ದ ಹೆಣ್ಣುಮಗಳೊಬ್ಬಳು ನನ್ನ ಶಿಷ್ಯೆ. ಮತದಾನದ ಹಿಂದಿನ ರಾತ್ರಿ ಯಾರೋ ಮನೆಮನೆಯ ಗೇಟಿಗೆ ಒಂದು ನೋಟೀಸು ಸಿಕ್ಕಿಸಿ ಹೋಗಿದ್ದರು. ಅವಳು ಗಂಡನಿಂದ ದೂರವಿದ್ದ ಎರಡು ವರ್ಷಗಳ ಬಗ್ಗೆ ಬಾಯಿಗೆ ಬಂದ ಹಾಗೆ ಬರೆದಿದ್ದರು. ಪಂಚಾಯತಿನ ರಸ್ತೆ, ನೀರು, ಬೀದಿದೀಪದ ಬಗ್ಗೆ ಒಂದಕ್ಷರ ಇರಲಿಲ್ಲ. ಅವಳು ಸೋತಳು. ಈಗ ಅವಳ ಮನೆಯವರೂ ಗೆದ್ದವರ ಮನೆಯವರೂ ಒಂದೇ ದೈವಸ್ಥಾನದ ಕೋಲಕ್ಕೆ ಬೇರೆಬೇರೆ ಹೊತ್ತಿಗೆ ಬಂದು ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಇದು ಅಪರಾಧವಲ್ಲವೇ? ನಾವು ಯಾರಿಗೆ ಹೇಳಬೇಕಿತ್ತು?
— ನಿವೃತ್ತ ಅಧ್ಯಾಪಿಕೆ, ಬದಿಯಡ್ಕ ಸಮೀಪ

ಉತ್ತರ: ಟೀಚರೇ, ತಾವು ಕಾಗದದ ಜೊತೆಗಿಟ್ಟು ಕಳುಹಿಸಿದ ನೋಟೀಸು ಈಗ ನನ್ನ ಮೇಜಿನ ಮೇಲಿದೆ. ನಸುಗೆಂಪು ಬಣ್ಣದ ತೆಳ್ಳಗಿನ ಹಾಳೆ. ಮೇಲಿನರ್ಧ ಮಲಯಾಳದಲ್ಲಿ, ಕೆಳಗಿನರ್ಧ ಕನ್ನಡದಲ್ಲಿ. ಕನ್ನಡದ ಭಾಗದಲ್ಲಿ ‘ಹೆಣ್ಣು’ ಎಂಬುದು ಎರಡು ಕಡೆ ‘ಹೆನ್ನು’ ಆಗಿದೆ. ಮಾನ ಕಳೆಯಲು ಹೊರಟವರಾದರೂ ಕರಡು ತಿದ್ದಬಾರದಿತ್ತೇ ಎಂದು, ಹಳೆಯ ಅಭ್ಯಾಸದಿಂದ, ಒಂದು ಕ್ಷಣ ಅನ್ನಿಸಿತು. ಹಾಳೆಯ ಅಡಿಯಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು-ವಿಳಾಸ ಇರಬೇಕಾದಲ್ಲಿ ಬೆರಳಗಲದ ಜಾಗ ಖಾಲಿ ಬಿಟ್ಟಿದ್ದಾರೆ. ತಮ್ಮ ಪ್ರಶ್ನೆಗೆ ಉತ್ತರ ಆ ಖಾಲಿ ಜಾಗದಿಂದಲೇ ತೊಡಗುತ್ತದೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ವಿಧಿಯ ಪ್ರಕಾರ ಚುನಾವಣೆಗೆ ಸಂಬಂಧಿಸಿದ ಯಾವುದೇ ಕರಪತ್ರ, ಭಿತ್ತಿಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು-ವಿಳಾಸ ಇರಲೇಬೇಕು. ಪ್ರಕಾಶಕರು ತಮ್ಮ ಗುರುತಿನ ಬಗ್ಗೆ ಇಬ್ಬರು ಪರಿಚಿತರ ರುಜುವಿರುವ ಹೇಳಿಕೆಯನ್ನು ಮುದ್ರಣಾಲಯಕ್ಕೆ ಕೊಡಬೇಕು, ಮುದ್ರಣಾಲಯದವರು ಅದರ ಪ್ರತಿಯನ್ನೂ ಮುದ್ರಿತ ಹಾಳೆಯನ್ನೂ ಅಧಿಕಾರಿಗಳಿಗೆ ಕಳುಹಿಸಬೇಕು. ತಪ್ಪಿದರೆ 6 ತಿಂಗಳವರೆಗಿನ ಸೆರೆವಾಸ, 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ಇದು ವಿಧಾನಸಭೆ, ಲೋಕಸಭೆಗಳ ಮಾತು. ಪಂಚಾಯತ್ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ಅಲ್ಲಿ ಕೇರಳ ಪಂಚಾಯತ್‌ರಾಜ್ ಕಾಯ್ದೆಯ ಇದೇ ಬಗೆಯ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ಬರೆದದ್ದು ಸುಳ್ಳೋ ನಿಜವೋ ಎಂಬ ವಿಚಾರಕ್ಕೆ ಹೋಗುವ ಮೊದಲೇ, ಹೆಸರಿಲ್ಲದೆ ಅಚ್ಚಾದ ಒಂದೇ ಕಾರಣಕ್ಕೆ ಆ ಹಾಳೆ ಕಾನೂನುಬಾಹಿರ. ಆ ರಾತ್ರಿಯೇ ಚುನಾವಣಾಧಿಕಾರಿಗೂ ಪೊಲೀಸರಿಗೂ ಲಿಖಿತ ದೂರು ಕೊಟ್ಟು ರಶೀದಿ ಪಡೆಯಬೇಕಿತ್ತು. ಹಾಳೆ ಎಲ್ಲಿ ಸಿಕ್ಕಿತು, ಎಷ್ಟು ಗಂಟೆಗೆ, ನೋಡಿದವರು ಯಾರು ಎಂಬುದನ್ನು ಬರೆದಿಟ್ಟಿದ್ದರೆ ಈಗಲೂ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ಬರಹದ ಹುರುಳು. ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೆಯ ವಿಧಿ ಅಭ್ಯರ್ಥಿಯ ವೈಯಕ್ತಿಕ ಶೀಲ ಅಥವಾ ನಡತೆಯ ಬಗ್ಗೆ ಸುಳ್ಳು ಸಂಗತಿಯನ್ನು ಪ್ರಕಟಿಸುವುದನ್ನು ಭ್ರಷ್ಟ ಆಚರಣೆಯೆಂದು ಕರೆಯುತ್ತದೆ. ‘ಈ ಅಭ್ಯರ್ಥಿಗೆ ಆಡಳಿತ ತಿಳಿಯದು’ ಎಂಬುದು ಅಭಿಪ್ರಾಯ. ಅದಕ್ಕೆ ಕಾನೂನು ಕೈ ಹಾಕುವುದಿಲ್ಲ, ಹಾಕಲೂಬಾರದು. ‘ಈಕೆ ಇಂಥ ದಿನ ಇಂಥದ್ದು ಮಾಡಿದಳು’ ಎಂಬುದು ಸಂಗತಿ. ಆದರೆ ಅದು ಸುಳ್ಳೆಂದು, ಪ್ರಕಟಿಸಿದವನೇ ಅದನ್ನು ನಂಬಿರಲಿಲ್ಲವೆಂದು, ಎದುರಾಳಿ ಅಭ್ಯರ್ಥಿಯ ಅಥವಾ ಅವರ ಏಜೆಂಟರ ಒಪ್ಪಿಗೆಯಿಂದಲೇ ಅದು ಹೊರಬಂದಿತೆಂದು ಎಲ್ಲವನ್ನೂ ತೋರಿಸಿಕೊಡಬೇಕು. ಗ್ರಾಮ ಪಂಚಾಯತಿನ ಮಟ್ಟಿಗೆ ಆ ತಕರಾರು ಅರ್ಜಿ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗುತ್ತದೆ. ರಾತ್ರಿ ಬೈಕಿನಲ್ಲಿ ಬಂದು ಹೋದವನು ಯಾರ ಏಜೆಂಟನೆಂದು ಸಾಬೀತುಪಡಿಸುವುದು ಎಷ್ಟು ಕಷ್ಟವೆಂದು ನಾನು ಹೇಳಬೇಕಾಗಿಲ್ಲ.

ಒಂದು ವಿಷಯ ನಮ್ಮವರಿಗೆ ಗೊತ್ತಿರಲಿ. ದೇಶದಾದ್ಯಂತ ಈಗ ‘ಮಾದರಿ ನೀತಿ ಸಂಹಿತೆ’ ಎಂದು ಕರೆಯುವ ನಿಯಮಾವಳಿಯ ಮೊಳಕೆ ಒಡೆದದ್ದು 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ. ಅದರ ಹಿಂದಿನ ವರ್ಷವೇ ಕಮ್ಯುನಿಸ್ಟ್ ಆಡಳಿತದ ವಿರುದ್ಧ ವಿಮೋಚನಾ ಸಮರವೆಂಬ ಚಳವಳಿ ನಡೆದು, 1959ರ ಜುಲೈ 31ರಂದು ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರವನ್ನು ವಜಾ ಮಾಡಲಾಗಿತ್ತು. ಜನ ಎರಡಾಗಿ ಸೀಳಿಹೋಗಿದ್ದ ಹೊತ್ತಿನಲ್ಲಿಯೇ ಸಭೆ, ಮೆರವಣಿಗೆ, ಭಾಷಣ, ಘೋಷಣೆಗಳು ಹೇಗಿರಬೇಕೆಂದು ಒಂದು ಕಟ್ಟುಪಾಡು ಮಾಡಿಕೊಂಡರು. ಟೀಕೆ ಪಕ್ಷದ ಧೋರಣೆ, ಕಾರ್ಯಕ್ರಮ, ಹಿಂದಿನ ದಾಖಲೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆದು ತರಬಾರದು ಎಂದು ಇಂದಿನ ಸಂಹಿತೆ ಹೇಳುತ್ತದೆ.

ನನ್ನ ಸಲಹೆ ಇಷ್ಟು: ತಾವು ಈ ಹಾಳೆಯನ್ನು ಹಿಡಿದುಕೊಂಡು ಗೆದ್ದವರ ಮನೆಗೆ ಒಮ್ಮೆ ಹೋಗಿ. ‘ಇದು ನಿಮ್ಮ ಕಡೆಯವರ ಕೆಲಸವೇ’ ಎಂದು ಕೇಳಿ, ಅಲ್ಲವೆಂದರೆ ಅಷ್ಟನ್ನು ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಜನರ ಮುಂದೆ ಹೇಳುವಂತೆ ಕೇಳಿಕೊಳ್ಳಿ. ಅವರೂ ತಮ್ಮ ಶಾಲೆಯಲ್ಲಿಯೇ ಕಲಿತವರಾಗಿದ್ದರೆ ಬಾಗಿಲಿನಿಂದ ಹಿಂದೆ ಕಳುಹಿಸಲಾರರು.

ಪ್ರಶ್ನೆ: ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಕೇರಳ ಸರ್ಕಾರ ಬದಲಾಯಿಸಿದೆ ಎಂಬ ಸಂದೇಶವನ್ನು 2021ರಲ್ಲಿ ನಾನೂ ಹತ್ತಾರು ಜನರಿಗೆ ಕಳುಹಿಸಿದ್ದೆ. ಅದು ಸುಳ್ಳು ಸುದ್ದಿ, ನಿನ್ನಂಥವರಿಂದಲೇ ಗಲಾಟೆ ಎಂದು ಕಾಲೇಜಿನಲ್ಲಿ ಈಗಲೂ ಗೆಳೆಯರು ಚುಚ್ಚುತ್ತಾರೆ. ಹಾಗಾದರೆ ಫಲಕಗಳಲ್ಲಿ ‘ಮಂಜೇಶ್ವರಂ’ ಎಂದಿರುವುದೂ ಸುಳ್ಳೇ? ನನ್ನ ತಪ್ಪು ಯಾವುದು?
— ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನಿಮ್ಮ ಪ್ರಶ್ನೆಗೆ ಈ ಸಂಚಿಕೆಯಲ್ಲಿ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಗಡಿನಾಡಿನ ರಾಜಕೀಯದ ಮಾತಿಗೆ ಅಂಟಿಕೊಂಡಿರುವ ಕಾಯಿಲೆ ಇದರಲ್ಲಿದೆ.

ಮೊದಲು ನಡೆದದ್ದು. 2021ರ ಜೂನ್ ತಿಂಗಳಲ್ಲಿ ಒಂದು ಪಟ್ಟಿ ಓಡಾಡಿತು. ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ, ನೆಲ್ಲಿಕುಂಜ ನೆಲ್ಲಿಕುನ್ನು, ಹೊಸದುರ್ಗ ಪುದಿಯಕೋಟ, ಆನೆಬಾಗಿಲು ಆನೆವಾಗಿಲ್ ಎಂದೆಲ್ಲ ಅದರಲ್ಲಿತ್ತು. ಕರ್ನಾಟಕದ ನಾಯಕರು ಕೇರಳದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಬೆಂಗಳೂರಿನ ಪತ್ರಿಕೆಗಳು ಬರೆದವು. ಹೆಸರು ಬದಲಿಸುವ ಯಾವ ತೀರ್ಮಾನವನ್ನೂ ಮಾಡಿಲ್ಲವೆಂದು ಕೇರಳ ಸರ್ಕಾರ ಸ್ಪಷ್ಟಪಡಿಸಿತು. ಅಲ್ಲಿಗೆ ವಿಷಯ ಮುಗಿಯಿತು. ಎಲ್ಲರೂ ಮನೆಗೆ ಹೋದರು. ಫಲಕಗಳು ಇದ್ದಲ್ಲೇ ಉಳಿದವು.

ಇಲ್ಲಿ ಎರಡು ಮಾತುಗಳಿವೆ. ‘ಸರ್ಕಾರ ಆದೇಶ ಹೊರಡಿಸಿ ಹೆಸರು ಬದಲಾಯಿಸಿದೆ’ ಎಂಬುದು ಒಂದು. ‘ಕಚೇರಿಯ ಕಾಗದಗಳಲ್ಲಿ, ರಸ್ತೆಬದಿಯ ಫಲಕಗಳಲ್ಲಿ, ಬಸ್ಸಿನ ಹಣೆಯ ಮೇಲೆ ನಮ್ಮ ಊರಿನ ಹೆಸರು ಮಲಯಾಳದ ಉಚ್ಚಾರದಲ್ಲಿಯೇ ಬಳಕೆಯಾಗುತ್ತಿದೆ, ಹೀಗೇ ಹೋದರೆ ಮೂಲ ಹೆಸರು ಅಳಿದುಹೋಗುತ್ತದೆ’ ಎಂಬುದು ಇನ್ನೊಂದು. ಎರಡನೆಯದು ದಿನವೂ ಕಣ್ಣಿಗೆ ಬೀಳುವ ನಿಜ. ಆದರೆ ಅದರಲ್ಲಿ ಸ್ಫೋಟವಿಲ್ಲ, ಅದನ್ನು ಹಂಚಿದರೆ ಯಾರೂ ಕೆರಳುವುದಿಲ್ಲ. ಹೀಗಾಗಿ ಯಾರೋ ಅದಕ್ಕೊಂದು ಆದೇಶದ ಅಂಗಿ ತೊಡಿಸಿದರು. ಆದೇಶವಿಲ್ಲವೆಂದು ಉತ್ತರ ಬಂದ ಕೂಡಲೇ ಅಂಗಿಯ ಜೊತೆಗೆ ಒಳಗಿದ್ದ ನಿಜವೂ ಕಸದ ಬುಟ್ಟಿಗೆ ಹೋಯಿತು. ಅಂದಿನಿಂದ ಫಲಕದ ಬಗ್ಗೆ ಯಾರು ಬಾಯಿ ತೆರೆದರೂ ‘ಓ, ಆ ಹಳೆಯ ಸುಳ್ಳೇ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಿಮ್ಮ ಗೆಳೆಯರು ಚುಚ್ಚುವುದೂ ಅದನ್ನೇ.

ಸಂಖ್ಯೆಯಲ್ಲಿ ಕಡಿಮೆಯಿರುವವರಿಗೆ ಉತ್ಪ್ರೇಕ್ಷೆ ದುಬಾರಿಯಾಗುತ್ತದೆ. ಬಹುಮತವಿರುವವರು ಹತ್ತು ಸುಳ್ಳು ಹೇಳಿದರೂ ಅವರ ಅರ್ಜಿ ಮುಂದೆ ಹೋಗುತ್ತದೆ. ನಮ್ಮದರಲ್ಲಿ ಒಂದು ಸಾಲು ತಪ್ಪಿದರೆ ಕಡತ ಮುಚ್ಚುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ, ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ ಮೇಲೂ ಏನೂ ಆಗದೆ ಉಳಿದ ಜನ ನಾವು. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ನೂರರ ವಯಸ್ಸಿನವರೆಗೂ ಈ ಹೋರಾಟವನ್ನು ಬಿಡಲಿಲ್ಲ. ಗಡಿಯ ಪ್ರಶ್ನೆ ಏನೇ ಇರಲಿ, ಕೇರಳದ ಒಳಗೇ ನಮಗಿರುವ ಹಕ್ಕುಗಳು ಕಡಿಮೆಯೇನಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿಯೇ ವ್ಯವಹರಿಸಲು, ಉತ್ತರವನ್ನೂ ಕನ್ನಡದಲ್ಲಿ ಪಡೆಯಲು ಅವಕಾಶ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಸಂವಿಧಾನದ 350ಎ ವಿಧಿಯೇ ಇದೆ.

2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗಲೂ, 2025ರಲ್ಲಿ ಮಲಯಾಳ ಭಾಷಾ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಾಗಲೂ ಇದೇ ಬಗೆಯ ಎಳೆದಾಟ ನಡೆಯಿತು. ಮಸೂದೆಯ ವಿಷಯದಲ್ಲಿ ಒಂದು ಕಡೆಯವರು ಪ್ರಥಮ ಭಾಷೆಯ ಕಡ್ಡಾಯದ ಸಾಲನ್ನು ಓದಿ ಕನ್ನಡ ಶಾಲೆಗಳು ಮುಚ್ಚಿದವೆಂದು ಕೂಗಿದರು. ಇನ್ನೊಂದು ಕಡೆಯವರು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ಖಂಡವನ್ನು ಓದಿ ಎಲ್ಲ ಸರಿಯಾಗಿದೆಯೆಂದರು. ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟು, ‘ಹಾಗಿದ್ದರೆ ನಮ್ಮ ಶಾಲೆಯ ಐದನೇ ತರಗತಿಯ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಎಷ್ಟು ಪೀರಿಯಡ್ ಉಳಿಯುತ್ತದೆ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದರೆ ಆ ಖಂಡ ಏನು ಮಾಡುತ್ತದೆ’ ಎಂದು ಕೇಳಿದವರು ಬೆರಳೆಣಿಕೆಯಷ್ಟು.

ನಿಮ್ಮ ತಪ್ಪು ಕಳುಹಿಸುವ ಮೊದಲು ‘ಆದೇಶದ ಸಂಖ್ಯೆ ಎಷ್ಟು, ದಿನಾಂಕ ಯಾವುದು’ ಎಂದು ಕೇಳದೆ ಇದ್ದುದು; ಅಷ್ಟೇ. ಈಗಲೂ ತಡವಾಗಿಲ್ಲ. ನಿಮ್ಮೂರಿನ ಒಂದು ಫಲಕದ ಫೋಟೋ ತೆಗೆದು, ಕಂದಾಯ ದಾಖಲೆಯಲ್ಲಿ ಈ ಗ್ರಾಮದ ಅಧಿಕೃತ ಹೆಸರು ಕನ್ನಡ ಲಿಪಿಯಲ್ಲಿ ಹೇಗಿದೆ, ಈ ಫಲಕವನ್ನು ಯಾವ ದಾಖಲೆಯ ಆಧಾರದ ಮೇಲೆ ಬರೆಸಲಾಗಿದೆ ಎಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕನ್ನಡದಲ್ಲಿಯೇ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಂದ ಉತ್ತರವನ್ನು ಅದೇ ಹತ್ತಾರು ಜನರಿಗೆ ಕಳುಹಿಸಿ.

ಪ್ರಶ್ನೆ: ಎಲ್ಲರೂ ಕಳ್ಳರೇ. ನೋಟಾ ಒತ್ತಿದರೆ ಸಾಕಲ್ಲವೇ?
— ಓದುಗ, ಕುಂಬಳೆ

ಉತ್ತರ: ನೋಟಾ 2013ರಿಂದ ಇದೆ, ಎಷ್ಟು ಬಿದ್ದರೂ ಗೆದ್ದವರ ಗೆಲುವು ಕದಲುವುದಿಲ್ಲ. ನಿಮ್ಮದೇ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745. ಮುನಿಸನ್ನು ತೋರಿಸಲು ಬೇರೆ ಕ್ಷೇತ್ರ ಹುಡುಕಿಕೊಳ್ಳುವುದು ಒಳ್ಳೆಯದು. ‘ಎಲ್ಲರೂ ಕಳ್ಳರು’ ಎಂಬ ಮಾತು ನಿಜವಾದ ಕಳ್ಳನಿಗೆ ಎಷ್ಟು ಅನುಕೂಲವೆಂದು ಯೋಚಿಸಿ ನೋಡಿ. ಇನ್ನೊಂದು: ನಮ್ಮ ರಾಜ್ಯದಲ್ಲಿ ಎದುರಾಳಿಯ ಹೆಸರಿನವನನ್ನೇ, ಮಲಯಾಳದಲ್ಲಿ ‘ಅಪರನ್’ ಎಂದು ಕರೆಯುವವನನ್ನು, ಹುಡುಕಿ ತಂದು ನಿಲ್ಲಿಸುವ ವಿದ್ಯೆಯಿದೆ. 2004ರ ಲೋಕಸಭಾ ಚುನಾವಣೆಯಲ್ಲಿ ಆಲಪ್ಪುಳದಲ್ಲಿ ಕಾಂಗ್ರೆಸ್ಸಿನ ವಿ.ಎಂ. ಸುಧೀರನ್ ಸೋತದ್ದು 1,009 ಮತಗಳಿಂದ, ವಿ.ಎಸ್. ಸುಧೀರನ್ ಎಂಬ ಇನ್ನೊಬ್ಬರಿಗೆ ಬಿದ್ದದ್ದು ಎಂಟು ಸಾವಿರಕ್ಕೂ ಹೆಚ್ಚು. ನೋಟಾ ಒತ್ತುವುದಿದ್ದರೂ ಕನ್ನಡಕ ಹಾಕಿಕೊಂಡು ಒತ್ತಿ.

ಪ್ರಶ್ನೆ: ಸರ್ಕಾರದ ಯಾವುದೇ ದೊಡ್ಡ ಯೋಜನೆಯ ಬಗ್ಗೆ ಪ್ರಶ್ನೆ ಎತ್ತಿದರೆ ‘ಅಭಿವೃದ್ಧಿ ವಿರೋಧಿ’ ಎನ್ನುತ್ತಾರೆ, ಬೆಂಬಲಿಸಿದರೆ ‘ಕಮಿಷನ್ ಸಿಕ್ಕಿದೆಯೇ’ ಎನ್ನುತ್ತಾರೆ. ಸಾಮಾನ್ಯ ಕೃಷಿಕನೊಬ್ಬ ಈ ಎರಡರ ನಡುವೆ ಮಾತನಾಡುವುದು ಹೇಗೆ?
— ಅಡಿಕೆ ಕೃಷಿಕ, ಎಣ್ಮಕಜೆ

ಉತ್ತರ: ತಿರುವನಂತಪುರದಿಂದ ನಮ್ಮ ಕಾಸರಗೋಡಿಗೆ ಸುಮಾರು 530 ಕಿಲೋಮೀಟರ್ ದೂರವನ್ನು ನಾಲ್ಕು ಗಂಟೆಯೊಳಗೆ ಮುಟ್ಟಿಸುವ, ಸುಮಾರು 64,000 ಕೋಟಿ ರೂಪಾಯಿ ಅಂದಾಜಿನ ಸಿಲ್ವರ್‌ಲೈನ್ ರೈಲು ಯೋಜನೆಯ ಗಲಾಟೆ ತಮಗೆ ನೆನಪಿರಬಹುದು. 2022ರಲ್ಲಿ ಹಳದಿ ಬಣ್ಣದ ಗುರುತುಕಲ್ಲು ನೆಡುವವರೂ ಕೀಳುವವರೂ ರಾಜ್ಯವಿಡೀ ಎದುರುಬದುರಾದರು. ನೆಟ್ಟವರಿಗೆ ಕಿತ್ತವರು ವಿರೋಧಪಕ್ಷದ ಏಜೆಂಟರಾಗಿ ಕಂಡರು. ಕಿತ್ತವರಿಗೆ ನೆಟ್ಟವರು ಭೂಮಾಫಿಯಾ ಆಗಿ ಕಂಡರು. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇದ್ದವು: ಈಗಿರುವ ಬ್ರಾಡ್‌ಗೇಜ್ ಹಳಿಗೆ ಸೇರದ ಸ್ಟ್ಯಾಂಡರ್ಡ್ ಗೇಜ್ ಏಕೆ, ಮಣ್ಣಿನ ದಿಬ್ಬದ ಮೇಲೆ ಹಳಿ ಹಾಕಿದರೆ ಮಳೆನೀರು ಎಲ್ಲಿಗೆ ಹೋಗಬೇಕು, ಸಾಲ ತೀರಿಸುವವರು ಯಾರು. ಹಾಗೆಯೇ ಇನ್ನೊಂದು ಬದಿಯಿಂದ, ರಾಜಧಾನಿಯ ಒಂದು ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಎರಡು ರಾತ್ರಿ ರೈಲಿನಲ್ಲಿ ಕಳೆಯುವ ಕಾಸರಗೋಡಿನವನ ಕಷ್ಟಕ್ಕೆ ಬೇರೆ ಪರಿಹಾರ ಏನು. ವಂದೇ ಭಾರತ್ ರೈಲು 2023ರಲ್ಲಿ ಬಂದ ಮೇಲೂ ಹೋಗಲು ಎಂಟು ಗಂಟೆ ಬೇಕು. ಯೋಜನೆಯ ವಿವರವಾದ ವರದಿಯನ್ನು ಸರ್ಕಾರ ಸಾರ್ವಜನಿಕರ ಮುಂದಿಟ್ಟದ್ದು 2022ರ ಜನವರಿಯಲ್ಲಿ. ಅಷ್ಟರೊಳಗೆ ಎರಡೂ ಕಡೆಯವರ ಗಂಟಲು ಕಟ್ಟಿಹೋಗಿತ್ತು. ವರದಿಯನ್ನು ಮೊದಲೇ ಕೊಟ್ಟಿದ್ದರೆ ಬೈಗುಳಕ್ಕೆ ಇಷ್ಟು ಜಾಗ ಸಿಗುತ್ತಿರಲಿಲ್ಲವೆಂಬುದು ನನ್ನ ಎಣಿಕೆ.

ತಾವು ಎಣ್ಮಕಜೆಯವರಾದ್ದರಿಂದ ಇನ್ನೊಂದನ್ನು ತಮಗೇ ನೆನಪಿಸುವುದು ಅಧಿಕಪ್ರಸಂಗವಾದೀತು, ಆದರೂ ಹೇಳುತ್ತೇನೆ. ತಮ್ಮ ಪಡ್ರೆಯ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಅದರ ಬಗ್ಗೆ ಮಾತನಾಡಿದವರಿಗೆ ಯಾವ ಪಕ್ಷದ ಬಲವೂ ಇರಲಿಲ್ಲ. ಅಲ್ಲಿಯ ವೈದ್ಯರೊಬ್ಬರು ತಮ್ಮ ಬಳಿಗೆ ಬಂದ ರೋಗಿಗಳ ಮನೆಮನೆಯ ಲೆಕ್ಕ ಇಟ್ಟರು. ಕೃಷಿ ಇಲಾಖೆಯ ಉದ್ಯೋಗಿಯೊಬ್ಬರು ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. ದಾಖಲೆ ಬೆಳೆದಂತೆ ಪಕ್ಷಗಳು ಒಂದೊಂದಾಗಿ ಹತ್ತಿರ ಬಂದವು. 2011ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರೇ ನಿಷೇಧಕ್ಕಾಗಿ ಒಂದು ದಿನದ ಉಪವಾಸ ಕೂತರು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿದ ಮೇಲೂ ಎಷ್ಟು ಬಾಗಿಲು ತಟ್ಟಬೇಕಾಯಿತೆಂಬುದು ಬೇರೆ ಕತೆ. ವೈದ್ಯರ ಆ ನೋಟ್‌ಪುಸ್ತಕದಲ್ಲಿ ಯಾವ ಪಕ್ಷಕ್ಕೂ ಬೈಗುಳ ಇರಲಿಲ್ಲವೆಂಬುದರಿಂದಲೇ ಎಲ್ಲ ಪಕ್ಷದವರೂ ಅದನ್ನು ಕೈಗೆತ್ತಿಕೊಳ್ಳಲು ಸಾಧ್ಯವಾಯಿತೆಂದು ನಾನು ತಿಳಿದಿದ್ದೇನೆ.

ಪ್ರಶ್ನೆ: 2020ರಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಕರ್ನಾಟಕದವರು ಗಡಿ ಮುಚ್ಚಿದಾಗ ನಮ್ಮ ಮನೆಯ ಡಯಾಲಿಸಿಸ್ ರೋಗಿಯನ್ನು ಮಂಗಳೂರಿಗೆ ಕೊಂಡೊಯ್ಯಲಾಗಲಿಲ್ಲ. ನಾನು ಅದನ್ನು ಟೀಕಿಸಿದೆ, ‘ಕನ್ನಡದ್ರೋಹಿ’ ಎಂದರು. ಕೇರಳ ಸರ್ಕಾರ ಇಷ್ಟು ವರ್ಷ ಇಲ್ಲೊಂದು ಒಳ್ಳೆಯ ಆಸ್ಪತ್ರೆ ಕಟ್ಟಲಿಲ್ಲವೇಕೆ ಎಂದೆ, ‘ಸಂಘಿ’ ಎಂದರು. ಇಂದಿಗೂ ಆ ನೋವು ಹೋಗಿಲ್ಲ.
— ಓದುಗ, ಉಪ್ಪಳ

ಉತ್ತರ: ನೀವು ಹೇಳಿದ ಎರಡೂ ಮಾತು ಸರಿ. ಕಾಸರಗೋಡಿನಲ್ಲಿ ಆಗ ಕೊರೊನಾ ಸೋಂಕು ಕೇರಳದ ಬೇರೆಲ್ಲ ಕಡೆಗಿಂತ ಹೆಚ್ಚಿತ್ತು, ಕರ್ನಾಟಕದ ಭಯಕ್ಕೆ ಕಾರಣವಿತ್ತು. ಆದರೆ ಆಂಬುಲೆನ್ಸಿಗೆ ದಾರಿ ಬಿಡದಿರಲು ಆ ಕಾರಣ ಸಾಲದು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಬಗ್ಗೆ ಒಂದು ಒಪ್ಪಂದವಾಯಿತು. ಅಷ್ಟರಲ್ಲಿ ಸಮಯಕ್ಕೆ ಚಿಕಿತ್ಸೆ ಸಿಗದೆ ಹೋದ ಜೀವಗಳು ಹೋದವು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಳ್ಳುವಂತೆ ಒಂದು ಇಡೀ ಜಿಲ್ಲೆಯನ್ನು ಬಿಟ್ಟವರು ಯಾರೆಂಬ ಪ್ರಶ್ನೆಯೂ ಆ ಮಣ್ಣಿನ ರಾಶಿಯಷ್ಟೇ ನಿಜ; ಈ ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು, ಅಲ್ಲಿಂದೀಚೆಗೆ ಎಡರಂಗ, ಐಕ್ಯರಂಗ ಎರಡೂ ಸರದಿಯಲ್ಲಿ ಆಳಿವೆ. ಒಂದು ಸರ್ಕಾರವನ್ನು ಬೈದರೆ ಇನ್ನೊಂದರ ಪರವೆಂದೇ ಅರ್ಥ ಮಾಡುವವರಿಗೆ ನಿಮ್ಮ ಮನೆಯ ರೋಗಿ ಕಾಣಿಸುವುದಿಲ್ಲ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ತರವಾಡಿನಲ್ಲಿ ಅಣ್ಣ ಎಡರಂಗ, ತಮ್ಮ ಇನ್ನೊಂದು ಪಕ್ಷ. ಮೊದಲೆಲ್ಲ ಊಟದ ಹೊತ್ತಿಗೆ ವಾದ ಮಾಡಿ ನಗುತ್ತಿದ್ದರು. ಈಗ ಇಬ್ಬರೂ ಮೊಬೈಲಿನಲ್ಲಿ ಬಂದದ್ದನ್ನು ಒಬ್ಬರಿಗೊಬ್ಬರು ತೋರಿಸಿ ಕೆರಳಿಸುತ್ತಾರೆ. ಅತ್ತಿಗೆ-ನಾದಿನಿಯರೂ ಮಾತು ಬಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚಿನ ಭಯ ಮಗನದ್ದು. ಮೆರವಣಿಗೆಯಲ್ಲಿ ಕೈಕಾಲು ಕಡಿಯುವ ಘೋಷಣೆ ಕೂಗಿ ಬಂದ.
— ಗೃಹಿಣಿ, ಪೆರಿಯ ಹತ್ತಿರ

ಉತ್ತರ: ಅಮ್ಮಾ, ಎರಡನ್ನೂ ಒಂದೇ ಕಾಗದದಲ್ಲಿ ಬರೆದಿರಿ, ಆದರೆ ಎರಡಕ್ಕೂ ಉತ್ತರ ಬೇರೆ.

ಅಣ್ಣ-ತಮ್ಮಂದಿರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ನಮ್ಮದು ತಾಳಮದ್ದಳೆಯ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ನಾಡು. ಬಾಣ ತಿಂದು ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ರಾಜಧರ್ಮವೆಂದು ರಾಮನನ್ನೇ ಗಂಟೆಗಟ್ಟಲೆ ಕೇಳುತ್ತಾನೆ. ರಾಮನ ಅರ್ಥಧಾರಿ ಬೆವರುವುದನ್ನು ಮುಂದಿನ ಸಾಲಿನಲ್ಲಿ ಕುಳಿತ ರಾಮಭಕ್ತರೇ ಸವಿಯುತ್ತಾರೆ. ಹಾಗೆಂದು ಅಲ್ಲಿ ಎಲ್ಲರೂ ಸಾಧುಗಳಲ್ಲ. ವಾದ ಸೋಲುವ ಸೂಚನೆ ಕಂಡ ಕೂಡಲೇ ಎದುರಿನ ಪಾತ್ರವನ್ನು ಬಿಟ್ಟು ಎದುರಿನ ಕಲಾವಿದನ ಮನೆತನದ ಮೇಲೆ ಕೊಂಕು ಆಡುವವರನ್ನು ನಾನೇ ಕೇಳಿದ್ದೇನೆ. ಅಂಥ ಹೊತ್ತಿನಲ್ಲಿ ಅನುಭವಿ ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತಿಬಿಡುತ್ತಾರೆ. ಅರ್ಥಧಾರಿ ಬಾಯಿ ಮುಚ್ಚಲೇಬೇಕು. ತಮ್ಮ ಮನೆಯಲ್ಲಿ ಭಾಗವತರ ಸ್ಥಾನ ತಮ್ಮದು. ಊಟದ ಹೊತ್ತಿಗೆ ಮೊಬೈಲುಗಳನ್ನು ಅಟ್ಟದ ಮೇಲಿಟ್ಟು, ಬಾಯಲ್ಲಿ ಬರುವ ವಾದ ಎಷ್ಟು ಬೇಕಾದರೂ ಬರಲೆಂದು ಬಿಡಿ. ಇಬ್ಬರೂ ತಮ್ಮ ಸ್ವಂತ ಮಾತನ್ನೇ ಆಡಬೇಕಾಗಿ ಬಂದರೆ ಅರ್ಧ ಜಗಳಕ್ಕೆ ಸಾಮಗ್ರಿಯೇ ಇರುವುದಿಲ್ಲ.

ಮಗನ ವಿಷಯ ಹಗುರವಲ್ಲ. ತಮ್ಮದೇ ಪೆರಿಯದ ಕಲ್ಯೋಟಿನಲ್ಲಿ 2019ರ ಫೆಬ್ರವರಿ 17ರಂದು ಇಬ್ಬರು ಯುವಕರನ್ನು ಕಡಿದು ಕೊಂದರು. 2024ರ ಡಿಸೆಂಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 14 ಮಂದಿಯನ್ನು ತಪ್ಪಿತಸ್ಥರೆಂದಿತು. ಎರಡು ಕಡೆಯ ಮನೆಗಳೂ ಹಾಳಾದದ್ದನ್ನು ತಾವು ಹತ್ತಿರದಿಂದ ಕಂಡಿದ್ದೀರಿ. ಘೋಷಣೆಯನ್ನು ಬರೆದುಕೊಟ್ಟವರ ಮಕ್ಕಳು ಆ ಮೆರವಣಿಗೆಯಲ್ಲಿ ಇದ್ದರೇ ಎಂದು ಮಗನನ್ನು ಕೇಳಿ. ಆ ಪಕ್ಷದ ಸ್ಥಳೀಯ ಹಿರಿಯರಲ್ಲಿ ತಮಗೆ ಪರಿಚಯದವರಿದ್ದರೆ ಇಂದೇ ಅವರ ಮನೆಗೆ ಹೋಗಿ, ಹೆದರಿಕೆಯನ್ನು ನೇರವಾಗಿ ಹೇಳಿ. ಪಕ್ಷವನ್ನು ಬಿಡಿಸಲು ಹೋಗಬೇಡಿ, ಘೋಷಣೆಯನ್ನು ಬಿಡಿಸಿ.

ಪ್ರಶ್ನೆ: ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಬಗ್ಗೆ ಕೇಳಿದರೆ ವಾರ್ಡ್ ಸದಸ್ಯರು ‘ನೀನು ಯಾವ ಪಕ್ಷದವನು’ ಎಂದು ಮರುಪ್ರಶ್ನೆ ಹಾಕುತ್ತಾರೆ. ಉಳಿದವರು ನಗುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.
— ಆಟೋ ಚಾಲಕ, ಮುಳ್ಳೇರಿಯ

ಉತ್ತರ: ಕೇರಳದಲ್ಲಿ ಗ್ರಾಮಸಭೆ ವಾರ್ಡಿನ ಮಟ್ಟದಲ್ಲಿ ಸೇರುತ್ತದೆ, ಆ ಸದಸ್ಯರೇ ಅದರ ಸಂಚಾಲಕರು, ವಾರ್ಡಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. ಸಭೆ ನಡೆಯಲು ಮತದಾರರಲ್ಲಿ ಹತ್ತನೇ ಒಂದು ಭಾಗ ಹಾಜರಿರಬೇಕು. ಈ ಕೋರಂಗಾಗಿಯೇ ನಿಮ್ಮನ್ನು ಮನೆಯಿಂದ ಕರೆದು ಕೂರಿಸುತ್ತಾರೆಂಬುದನ್ನು ಮರೆಯಬೇಡಿ. ಮುಂದಿನ ಸಲ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ: ನಮ್ಮ ಕಾಲೋನಿಯ ಕೊಳವೆಯಲ್ಲಿ ಇಂಥ ತಿಂಗಳಿನಿಂದ ನೀರಿಲ್ಲ, ಇಷ್ಟು ಮನೆಗಳಿವೆ, ಕಳೆದ ಸಭೆಯಲ್ಲಿ ಇಂಥ ಭರವಸೆ ಕೊಟ್ಟಿದ್ದಿರಿ, ಅದಕ್ಕಿಟ್ಟ ಹಣ ಏನಾಯಿತು. ಅಕ್ಕಪಕ್ಕದ ನಾಲ್ಕು ಮನೆಯವರ ರುಜು ಹಾಕಿಸಿ. ಅವರಲ್ಲಿ ಸದಸ್ಯರ ಪಕ್ಷದವರು ಒಬ್ಬರಾದರೂ ಇರಲಿ, ನೀರು ಅವರ ಮನೆಗೂ ಬರುತ್ತಿಲ್ಲವಲ್ಲ. ‘ಯಾವ ಪಕ್ಷ’ ಎಂದು ಕೇಳಿದರೆ ಹಾಳೆಯ ಕೆಳಗಿನ ಆ ರುಜುವನ್ನು ತೋರಿಸಿ. ಪ್ರಶ್ನೆಯನ್ನೂ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಡಿ. ಚಾ ಮತ್ತು ಪರಿಪ್ಪುವಡೆ ಬರುವ ಮೊದಲೇ ಇದನ್ನು ಮಾಡಬೇಕು. ಅದು ಬಂದ ಮೇಲೆ ನಮ್ಮ ಯಾವ ಗ್ರಾಮಸಭೆಯಲ್ಲಿಯೂ ಕೋರಂ ಉಳಿಯುವುದಿಲ್ಲ.